ಯಾವ ದಿನದ ವಿಮಾನ ಕಟ್ಟುತ್ತೀರಿ?

ಮಿಗ್-21ರ ಕಾಕ್‌ಪಿಟ್ಟಿನಲ್ಲಿ, ಪೈಲಟ್ಟನ ಎದುರಿನ ಫಲಕದ ನಡುವೆ, ಮೇಲಿಂದ ಕೆಳಕ್ಕೆ ಎಳೆದ ಒಂದು ಬಿಳಿ ಗೆರೆ ಇರುತ್ತದೆ. ವಿಮಾನ ಹತೋಟಿ ತಪ್ಪಿ ಬುಗುರಿಯಂತೆ ತಿರುಗುತ್ತ ಕೆಳಗಿಳಿಯುವಾಗ ಪೈಲಟ್ಟನಿಗೆ ಎಡ ಯಾವುದು, ಬಲ ಯಾವುದು ತಿಳಿಯುವುದಿಲ್ಲ. ಆಗ ಅವನು ಆ ಗೆರೆಯತ್ತ ಕಣ್ಣಿಟ್ಟು ಸ್ಟಿಕ್ಕನ್ನು ಅದರ ನೇರಕ್ಕೆ ತಂದು ಮುಂದೆ ಒತ್ತಬೇಕು. ಜೀವ ಉಳಿಸುವ ಗೆರೆ ಅದು.

ಆ ಗೆರೆಯನ್ನು ನಾನು ಮೊದಲು ಕಂಡದ್ದು ವಿಜಯಪುರ ಜಿಲ್ಲೆಯ ಹೊರ್ತಿಯ ನಮ್ಮ ಮನೆಯ ಕಂಪ್ಯೂಟರಿನ ಪರದೆಯ ಮೇಲೆ, ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರಿನಲ್ಲಿ. ಎರಡನೇ ಸಲ ಕಂಡದ್ದು ಒಂದು ಸೆಂಟಿಮೀಟರಿನಷ್ಟು ಅಗಲದ ಪ್ಲಾಸ್ಟಿಕ್ ತುಂಡಿನ ಮೇಲೆ. ಕಂಡೆ ಅನ್ನುವುದಕ್ಕಿಂತ ನಾನೇ ಅದನ್ನು ಅಲ್ಲಿ ಕೂರಿಸಿದೆ. ಭೂತಗನ್ನಡಿ ಹಿಡಿದು ಉಸಿರು ಬಿಗಿಹಿಡಿದು ಮಾಡಿದ ಆ ಕೆಲಸಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ಸಿಮ್ಯುಲೇಟರಿನಲ್ಲಿ ಹಾರಿಸಿ ಮೆಚ್ಚಿದ ವಿಮಾನವನ್ನು ಕೈಯಾರೆ ಕಟ್ಟಬೇಕು ಎಂಬ ಆಸೆ ಹುಟ್ಟಿದವರಿಗಾಗಿ ಈ ಬರಹ. ಬೆಂಗಳೂರು, ಮುಂಬೈಯಲ್ಲಿ ಇದ್ದವರಿಗಷ್ಟೇ ಈ ಹವ್ಯಾಸ ಎಂದುಕೊಳ್ಳಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಾರ್ಡ್‌ವೇರ್ ಅಂಗಡಿಯಲ್ಲಿ ಇದರ ಅರ್ಧ ಸಾಮಾನು ಸಿಗುತ್ತದೆ. ಉಳಿದದ್ದು ಕೊರಿಯರಿನಲ್ಲಿ ಬರುತ್ತದೆ.

ಕಿಟ್, ಅಂದರೆ ಜೋಡಿಸಬೇಕಾದ ಪ್ಲಾಸ್ಟಿಕ್ ತುಂಡುಗಳ ಪೆಟ್ಟಿಗೆ, ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಯಾವ ದಿನದ ವಿಮಾನ ಕಟ್ಟುತ್ತೀರಿ? ‘ಮಿಗ್-21’ ಎಂದರೆ ಉತ್ತರವಾಗುವುದಿಲ್ಲ. ಭಾರತೀಯ ವಾಯುಪಡೆಗೆ ಅದು 1963ರಲ್ಲಿ ಬಂತು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆಯಿತು. ಈ 62 ವರ್ಷಗಳಲ್ಲಿ ಅದರ ಬೆನ್ನು ದಪ್ಪವಾಯಿತು, ಗಾಜಿನ ಮುಚ್ಚಳ ಬದಲಾಯಿತು, ರೆಕ್ಕೆಯಡಿಯಲ್ಲಿ ಆಯುಧ ತೂಗುವ ಕೊಕ್ಕೆಗಳು ಹೆಚ್ಚಿದವು, ಬಣ್ಣ ಎಷ್ಟೋ ಸಲ ಬದಲಾಯಿತು. ಒಂದು ತಾರೀಖು ಹಿಡಿದರೆ ಇವೆಲ್ಲ ತಾವಾಗಿಯೇ ತೀರ್ಮಾನವಾಗುತ್ತವೆ.

ಸಿಮ್ಯುಲೇಟರಿನಿಂದ ಬಂದವರು ಎಡವುವುದು ಇಲ್ಲಿಯೇ. 1971ರ ಡಿಸೆಂಬರ್ 14ನ್ನು ತೆಗೆದುಕೊಳ್ಳಿ. ಅಂದು ನಮ್ಮ ಮಿಗ್-21ಗಳು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ ಸುರಿಸಿದವು. ಅಲ್ಲಿ ಹೋದವು ‘ಎಫ್‌ಎಲ್’ ಮಾದರಿಯವು. ಡಿಸಿಎಸ್‌ನಲ್ಲಿ 2014ರಿಂದ ಹಾರಿಸಲು ಸಿಗುವುದು ‘ಬಿಸ್’. ಎರಡೂ ದೂರದಿಂದ ಒಂದೇ, ಹತ್ತಿರ ಬಂದರೆ ಬೇರೆ ಬೇರೆ. ಎಫ್‌ಎಲ್‌ನ ಕ್ಯಾನೊಪಿ, ಅಂದರೆ ಪೈಲಟ್ಟನ ತಲೆಯ ಮೇಲಿನ ಗಾಜು, ಒಂದೇ ತುಂಡಾಗಿ ಮುಂದಕ್ಕೆ ಎತ್ತಿಕೊಳ್ಳುತ್ತದೆ. ಬಿಸ್‌ನದು ಬಲಪಕ್ಕಕ್ಕೆ ತೆರೆಯುತ್ತದೆ, ಎದುರು ಗಾಜು ಬೇರೆಯಾಗಿ ನಿಂತಿರುತ್ತದೆ. ಎಫ್‌ಎಲ್‌ನ ಬೆನ್ನು ತೆಳು, ಬಿಸ್‌ನದು ದಪ್ಪ. ಎಫ್‌ಎಲ್‌ಗೆ ಒಂದೊಂದು ರೆಕ್ಕೆಯಡಿಯಲ್ಲಿ ಒಂದೇ ಕೊಕ್ಕೆ, ಬಿಸ್‌ಗೆ ಎರಡೆರಡು. ಎಫ್‌ಎಲ್‌ನ ಹೊಟ್ಟೆಯೊಳಗೆ ತೋಪೇ ಇರಲಿಲ್ಲ. ಬೇಕಾದಾಗ ಜಿಪಿ-9 ಎಂಬ ಗನ್ ಡಬ್ಬಿಯನ್ನು ಅಡಿಗೆ ತೂಗುಹಾಕುತ್ತಿದ್ದರು. ಪರದೆಯ ಮೇಲೆ ಹಾರಿಸಿದ್ದೇ ಢಾಕಾಕ್ಕೆ ಹೋಗಿತ್ತು ಎಂದುಕೊಂಡು ಬಿಸ್ ಕಿಟ್ ತರಿಸಿದರೆ ದುಡ್ಡೂ ಹೋಯಿತು, ಮನಸ್ಸಿಗೂ ಸಮಾಧಾನವಿಲ್ಲ. ನನಗೆ ಹೀಗೆಯೇ ಆಯಿತು. ಆ ಬಿಸ್ಸನ್ನು ಕೊನೆಗೆ ಬಿಸ್ಸಾಗಿಯೇ, ನಂತರದ ಕಾಲದ ಬಣ್ಣದಲ್ಲಿ ಕಟ್ಟಿ ಮುಗಿಸಿದೆ.

ಅದೇ ಡಿಸೆಂಬರ್ 14ರಂದು ದೇಶದ ಇನ್ನೊಂದು ತುದಿಯಲ್ಲಿ, ಶ್ರೀನಗರದ ನೆತ್ತಿಯ ಮೇಲೆ, ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ತಮ್ಮ ಪುಟ್ಟ ನ್ಯಾಟ್ ವಿಮಾನದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳ ಗುಂಪಿನೊಡನೆ ಒಬ್ಬರೇ ಕಾದಾಡಿ ಪ್ರಾಣಬಿಟ್ಟರು. ವಾಯುಪಡೆಗೆ ಸಂದ ಏಕೈಕ ಪರಮವೀರ ಚಕ್ರ ಅವರದು. ಒಂದೇ ತಾರೀಖು, ಎರಡು ವಿಮಾನ. ಇವೆರಡನ್ನೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿ, ನ್ಯಾಟ್ ಎಷ್ಟು ಚಿಕ್ಕದೆಂದು ಆಗ ತಿಳಿಯುತ್ತದೆ. ಅದರ ರೆಕ್ಕೆಯ ಅಗಲ 6.73 ಮೀಟರ್, ಉದ್ದ 8.74 ಮೀಟರ್. 1/72 ಅಳತೆಯಲ್ಲಿ ಅದು 9.3 ಸೆಂ.ಮೀ. ಅಗಲ, 12.1 ಸೆಂ.ಮೀ. ಉದ್ದ, ಅಂದರೆ ಅಂಗೈ ತುಂಬ ಕೂರುವ ಹಕ್ಕಿ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಏರ್‌ಫಿಕ್ಸ್ ಕಂಪನಿಯ ಹಳೆಯ, ಎಲ್ಲರಿಗೂ ಗೊತ್ತಿರುವ ನ್ಯಾಟ್ ಕಿಟ್ ಇಬ್ಬರು ಕೂರುವ ತರಬೇತಿ ವಿಮಾನದ್ದು, ಬ್ರಿಟನ್ನಿನ ರೆಡ್ ಆರೋಸ್ ತಂಡದ್ದು. ಅದರ ಮೈ, ರೆಕ್ಕೆ ಎರಡೂ ದೊಡ್ಡವು. ಸೆಖೋನ್ ಹಾರಿಸಿದ್ದು ಒಬ್ಬರೇ ಕೂರುವಂಥದ್ದು. ಅದಕ್ಕೆ ಚೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿಯ ಕಿಟ್ ಹುಡುಕಬೇಕು.

1/72 ಎಂದರೇನು? ಆರಡಿ ಆಳು ಒಂದು ಇಂಚಿಗೆ ಇಳಿಯುತ್ತಾನೆ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನ ಯಾವುದು, ನಮ್ಮದು ಯಾವುದು ಎಂದು ಸೈನಿಕರಿಗೆ ಕಲಿಸಲು ಈ ಅಳತೆಯ ಮರದ ಮಾದರಿಗಳನ್ನು ಕೆತ್ತಿಸುತ್ತಿದ್ದರು. 1942ರಲ್ಲಿ ಅಮೆರಿಕದ ಶಾಲಾಮಕ್ಕಳು ಲಕ್ಷಗಟ್ಟಲೆ ಕೆತ್ತಿಕೊಟ್ಟರು. ಇದರ ಮೇಲಿನದು 1/48: ಕಣ್ಣಿಗೆ ಹಿತ, ಕಾಕ್‌ಪಿಟ್ಟಿನ ಕೆಲಸ ಚೆನ್ನಾಗಿ ಕಾಣುತ್ತದೆ, ಆದರೆ ಬೆಲೆಯೂ ಹೆಚ್ಚು, ಜಾಗವೂ ಹೆಚ್ಚು. ಮೊದಲ ಮೂರು ವಿಮಾನ 1/72ರಲ್ಲಿಯೇ ಇರಲಿ. ಸುಮಾರು ಸಾವಿರ, ಎರಡು ಸಾವಿರ ರೂಪಾಯಿಯಲ್ಲಿ ಒಳ್ಳೆಯ ಕಿಟ್ ಸಿಗುತ್ತದೆ. ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಮೊದಲ ಕಿಟ್ ಯಾವುದೆಂದು ಯಾರಾದರೂ ಕೇಳಿದರೆ ನಾನು ಜೆಟ್ ಹೇಳುವುದೇ ಇಲ್ಲ. ಹರಿಕೇನ್ ಅನ್ನುತ್ತೇನೆ. ಐಎಲ್-2 ಸ್ಟುರ್ಮೊವಿಕ್ ಸಿಮ್ಯುಲೇಟರ್ ಆಡಿದವರಿಗೆ ಈ ವಿಮಾನ ಗೊತ್ತು. ದಪ್ಪ ರೆಕ್ಕೆ, ಅಗಲಕ್ಕೆ ಊರಿದ ಗಟ್ಟಿ ಕಾಲು. ಹೊಸಬರ ಕೈಗೆ ಮುರಿಯುವುದಿಲ್ಲ. ತಾರೀಖೂ ಸಿದ್ಧವಿದೆ: 1944, ಇಂಫಾಲ. ಸ್ಕ್ವಾಡ್ರನ್ ಲೀಡರ್ ಅರ್ಜನ್ ಸಿಂಗ್ ಅವರ ನಾಯಕತ್ವದ ಒಂದನೇ ಸ್ಕ್ವಾಡ್ರನ್ ಅಲ್ಲಿ ಹರಿಕೇನ್‌ಗಳಲ್ಲಿ ಹಾರಿತು. ಆದರೆ ಸಿಮ್ಯುಲೇಟರಿನಲ್ಲಿ ಕಾಣುವ ಯುರೋಪಿನ ಹರಿಕೇನಿನ ದುಂಡು ಗುರುತಿನ ಕೆಂಪು ಬೊಟ್ಟನ್ನು ಬರ್ಮಾ ಗಡಿಯ ವಿಮಾನಕ್ಕೆ ಅಂಟಿಸಿಬಿಡಬೇಡಿ. ಜಪಾನಿನ ವಿಮಾನಗಳ ಗುರುತು ಕೆಂಪು ಸೂರ್ಯ. ಗಡಿಬಿಡಿಯಲ್ಲಿ ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಬಾರದೆಂದು ಈ ರಂಗದ ವಿಮಾನಗಳಿಂದ ಕೆಂಪನ್ನೇ ತೆಗೆದುಹಾಕಿ, ಕಡುನೀಲಿಯೊಳಗೆ ತಿಳಿನೀಲಿ ಬೊಟ್ಟು ಇಟ್ಟರು. ಇಷ್ಟು ತಿಳಿದು ಕಟ್ಟಿದ ವಿಮಾನಕ್ಕೂ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಕಟ್ಟಿದ ವಿಮಾನಕ್ಕೂ ಬಹಳ ಅಂತರವಿದೆ.

ಸ್ವಾತಂತ್ರ್ಯಾನಂತರದ ವಿಮಾನವಾದರೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಬೊಟ್ಟು. ಅಕ್ಷರ ಸಂಖ್ಯೆಗಳನ್ನೂ ನೋಡಿಕೊಳ್ಳಿ: ಹಂಟರ್ ವಿಮಾನಕ್ಕೆ ‘ಬಿಎ’, ನ್ಯಾಟ್‌ಗೆ ‘ಐಇ’ ಎಂದು ಆರಂಭವಾಗುತ್ತಿತ್ತು. ಸಿಮ್ಯುಲೇಟರಿನಲ್ಲಿ ಸಿಗುವ ಭಾರತೀಯ ಬಣ್ಣಗಳನ್ನು ಬಹುಪಾಲು ಅಭಿಮಾನಿಗಳೇ ಬಿಡಿಸಿರುತ್ತಾರೆ. ಪ್ರೀತಿಯಿಂದ ಮಾಡಿರುತ್ತಾರೆ, ತಪ್ಪೂ ಇರುತ್ತದೆ. ಆ ಕಾಲದ ಒಂದಾದರೂ ಫೋಟೋ ಪಕ್ಕದಲ್ಲಿಟ್ಟುಕೊಳ್ಳದೆ ಬಣ್ಣದ ಮುಚ್ಚಳ ತೆಗೆಯಬೇಡಿ.

ಹಾಗಾದರೆ ಸಿಮ್ಯುಲೇಟರ್ ಏತಕ್ಕೆ ಉಪಯೋಗ? ಫೋಟೋದಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ. ವಿಮಾನವನ್ನು ರನ್‌ವೇ ಮೇಲೆ ನಿಲ್ಲಿಸಿ, ಎಫ್2 ಒತ್ತಿ ಹೊರಗಿನ ನೋಟಕ್ಕೆ ಬನ್ನಿ. ಸುತ್ತ ತಿರುಗಿ. ಚಕ್ರ ಇಳಿಸಿದಾಗ ಯಾವ ಬಾಗಿಲು ತೆರೆದೇ ಇರುತ್ತದೆ, ಯಾವುದು ಮತ್ತೆ ಮುಚ್ಚಿಕೊಳ್ಳುತ್ತದೆ? ಫ್ಲಾಪ್ ಎಷ್ಟು ಇಳಿಯುತ್ತದೆ? ಮೂತಿಯ ಶಂಕು ವೇಗ ಹೆಚ್ಚಿದಂತೆ ಎಷ್ಟು ಮುಂದಕ್ಕೆ ಬರುತ್ತದೆ, ನೆಲದ ಮೇಲೆ ಎಲ್ಲಿರುತ್ತದೆ? ಕಿಟ್ಟಿನ ಸೂಚನಾ ಹಾಳೆ ಇದನ್ನೆಲ್ಲ ಬಾಣದ ಗುರುತಿನಲ್ಲಿ ಮುಗಿಸಿಬಿಡುತ್ತದೆ. ಮಿಗ್-21ನ್ನು ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಮುಟ್ಟಿಸಿ, ಬಾಲದ ಬುಡದಿಂದ ಪ್ಯಾರಾಚೂಟ್ ಬಿಚ್ಚಿ ನಿಲ್ಲಿಸಿದವರಿಗೆ ಆ ಬುಡದ ದುಂಡು ಕೊಳವೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಅದರ ಅಂಚನ್ನು ಬಹಳ ಶ್ರದ್ಧೆಯಿಂದ ತಿಕ್ಕುತ್ತೇವೆ, ಅದು ನಮ್ಮನ್ನು ಎಷ್ಟೋ ಸಲ ನಿಲ್ಲಿಸಿದೆಯಲ್ಲ! ಡಿಸಿಎಸ್‌ನಲ್ಲಿ ದುಡ್ಡು ಕೊಟ್ಟು ವಿಮಾನ ಕೊಳ್ಳುವ ಮುನ್ನ ಅದರಲ್ಲಿ ಉಚಿತವಾಗಿ ಬರುವ ಸು-25ಟಿ, ಟಿಎಫ್-51ಡಿ ಹಾರಿಸಿ ನೋಡಿ. ಕಂಪ್ಯೂಟರ್ ಹಳತಾಗಿದ್ದರೆ ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರ್ ಇದೆ.

ಇನ್ನು ಸಾಮಾನು. ತುಂಡುಗಳನ್ನು ಚೌಕಟ್ಟಿನಿಂದ ಬಿಡಿಸಲು ಚೂಪು ಬಾಯಿಯ ಸಣ್ಣ ಕಟರ್, ಹರಿತವಾದ ಚಾಕು, 400ರಿಂದ 2000ದವರೆಗಿನ ಉಪ್ಪುಕಾಗದ, ಚಿಮಟ, ಬಟ್ಟೆಗೆ ಹಾಕುವ ಕ್ಲಿಪ್ಪು. ನಮ್ಮ ಕಡೆ ಅಂಗಡಿಯಲ್ಲಿ ಉಪ್ಪುಕಾಗದ ಎಂದರೆ ತಿಳಿಯದಿದ್ದರೆ ಪಾಲಿಶ್ ಪೇಪರ್ ಅನ್ನಿ. ಕಾರಿಗೆ ಬಣ್ಣ ಹೊಡೆಯುವವರಲ್ಲಿ 1000, 2000ದ ನೀರು ಕಾಗದ ಸಿಗುತ್ತದೆ. ಆದರೆ ಅವರಲ್ಲಿರುವ ಎನ್‌ಸಿ ಥಿನ್ನರನ್ನು ಮಾತ್ರ ಮಾದರಿಯ ಹತ್ತಿರ ತರಬೇಡಿ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಅದು ಕರಗಿಸಿ ಕಾಲುವೆ ಮಾಡುತ್ತದೆ.

ಅಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಿಟ್ ಕಟ್ಟುವ ಅಸಲಿ ಅಂಟು, ಟಮಿಯಾ ಕಂಪನಿಯ ಹಸಿರು ಮುಚ್ಚಳದ ತೆಳು ಸಿಮೆಂಟಿನಂಥದ್ದು, ಅಂಟಿಸುವುದಿಲ್ಲ, ಬೆಸೆಯುತ್ತದೆ. ಎರಡು ತುಂಡುಗಳನ್ನು ಮೊದಲು ಅಂಟಿಲ್ಲದೆಯೇ ಜೋಡಿಸಿ ನೋಡಿ, ಹಿಡಿದುಕೊಂಡು, ಸಂದಿಗೆ ಕುಂಚದ ತುದಿ ಮುಟ್ಟಿಸಿ. ಅಂಟು ತಾನೇ ಸಂದಿನುದ್ದಕ್ಕೂ ಹರಿಯುತ್ತದೆ. ಎರಡೂ ಕಡೆಯ ಪ್ಲಾಸ್ಟಿಕ್ ಕರಗಿ ಒಂದಾಗುತ್ತದೆ. ಮೆಲ್ಲಗೆ ಒತ್ತಿದರೆ ಸಂದಿಯಲ್ಲಿ ಸಣ್ಣ ಏರು ಉಬ್ಬಿ ಬರುತ್ತದೆ. ಒಂದು ದಿನ ಬಿಟ್ಟು ಅದನ್ನು ತಿಕ್ಕಿದರೆ ಸಂದಿ ಇತ್ತೆಂಬುದೇ ಕಾಣುವುದಿಲ್ಲ. ಫೆವಿಕ್ವಿಕ್ ಲೋಹದ ತುಂಡಿಗೆ ಸರಿ. ಗಾಜಿನ ತುಂಡಿಗೆ ಅದರ ಆವಿ ತಗುಲಿದರೂ ಬೆಳ್ಳಗೆ ಮಂಜು ಕಟ್ಟುತ್ತದೆ, ಮತ್ತೆ ಹೋಗುವುದಿಲ್ಲ. ಕ್ಯಾನೊಪಿಗೆ ನಮ್ಮ ಬಿಳಿ ಫೆವಿಕಾಲೇ ಸೈ. ಒಣಗಿದರೆ ಪಾರದರ್ಶಕ, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಕೆಲಸ ಕಾಕ್‌ಪಿಟ್ಟಿನಿಂದಲೇ ಶುರು. ಮೈಯ ಎರಡು ಹೋಳು ಮುಚ್ಚಿದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಮಿಗ್-21ರ ಒಳಗಿನ ಬಣ್ಣ ಹಸಿರೂ ಅಲ್ಲ ನೀಲಿಯೂ ಅಲ್ಲ, ನವಿಲಿನ ಕುತ್ತಿಗೆಗೆ ಹಾಲು ಬೆರೆಸಿದಂಥದ್ದು. ಸಿಮ್ಯುಲೇಟರಿನಲ್ಲಿ ನೂರಾರು ಗಂಟೆ ಆ ಬಣ್ಣದ ನಡುವೆ ಕೂತವರಿಗೆ ಡಬ್ಬಿಯ ಮೇಲಿನ ಹೆಸರು ಬೇಕಿಲ್ಲ, ಕಣ್ಣೇ ಬೆರೆಸುತ್ತದೆ. ಆದರೂ ಒಂದು ಹನಿ ಬಿಳಿ ಹೆಚ್ಚಿಗೆ ಹಾಕಿ. ಚಿಕ್ಕ ವಸ್ತುವಿನ ಮೇಲೆ ಬಣ್ಣ ಇದ್ದುದಕ್ಕಿಂತ ಗಾಢವಾಗಿ ಕಾಣುತ್ತದೆ.

ಆ ಬಿಳಿ ಗೆರೆಯನ್ನು ಹಾಕಿದ್ದು ಹೀಗೆ. ತುಂಡುಗಳನ್ನು ಬಿಡಿಸಿದ ಮೇಲೆ ಉಳಿಯುವ ಚೌಕಟ್ಟಿನ ಪ್ಲಾಸ್ಟಿಕ್ ಕಡ್ಡಿಯನ್ನು ಎಸೆಯಬಾರದು. ಒಂದು ಗೇಣು ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ದೀಪದ ಕುಡಿಗಿಂತ ಎರಡು ಬೆರಳು ಮೇಲೆ, ಬೆಂಕಿ ತಾಗದಂತೆ ತಿರುಗಿಸುತ್ತ ಬಿಸಿ ಮಾಡಿ. ನಡುವೆ ಹೊಳಪು ಬಂದು ಬಾಗತೊಡಗಿದಾಗ ದೀಪದಿಂದ ಆಚೆ ತಂದು, ಮೂರು ಎಣಿಸುವಷ್ಟರಲ್ಲಿ ಎರಡೂ ಕೈ ಅಗಲಿಸಿ. ಶ್ಯಾವಿಗೆ ಎಳೆದಂತೆ ಕಡ್ಡಿ ಎಳೆಯಾಗುತ್ತದೆ. ಬೇಗ ಎಳೆದರೆ ಕೂದಲಿನಷ್ಟು ತೆಳು, ನಿಧಾನಕ್ಕೆ ಎಳೆದರೆ ದಪ್ಪ. ಕಿಟ್ಟಿನ ಪ್ಲಾಸ್ಟಿಕ್ ಬೂದು ಬಣ್ಣದ್ದಿದ್ದರೆ ಎಳೆಗೆ ಬಿಳಿ ಬಣ್ಣ ಸವರಿ. ಫಲಕದಷ್ಟು ಉದ್ದ ಕತ್ತರಿಸಿ, ಫೆವಿಕಾಲಿನ ಒಂದು ಚುಕ್ಕೆಯ ಮೇಲೆ ಮಲಗಿಸಿ, ಸೂಜಿಯಿಂದ ನೇರ ಮಾಡಿ. ಮೊದಲ ಎರಡು ಎಳೆ ನನ್ನ ಉಸಿರಿಗೇ ಹಾರಿಹೋದವು. ಮೂರನೆಯದು ಕೂತಿತು. ಹರಿಕೇನಿನ ಬೆನ್ನಿನಿಂದ ಬಾಲಕ್ಕೆ ಬಿಗಿದ ರೇಡಿಯೋ ತಂತಿಯನ್ನೂ ಇದೇ ಎಳೆಯಿಂದ ಮಾಡಬಹುದು.

ಮೈ ಮುಚ್ಚುವ ಮೊದಲು ಮೂತಿಗೆ ಭಾರ ತುಂಬಲು ಮರೆಯಬೇಡಿ. ಮೂರು ಗಾಲಿಯ ಜೆಟ್‌ಗಳು ಭಾರವಿಲ್ಲದಿದ್ದರೆ ಬಾಲದ ಮೇಲೆ ಕುಕ್ಕರಿಸುತ್ತವೆ. ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳು ಮಿಗ್‌ನ ಮೂತಿಯ ಶಂಕುವಿನೊಳಗೆ ಸರಿಯಾಗಿ ಹಿಡಿಯುತ್ತವೆ.

ಬಣ್ಣ ಹಚ್ಚುವುದರಲ್ಲಿ ನಮ್ಮ ಸೀಮೆಗೆ ನಮ್ಮದೇ ತೊಡಕುಗಳಿವೆ, ಪುಸ್ತಕಗಳು ಅವನ್ನು ಹೇಳುವುದಿಲ್ಲ. ಚೈತ್ರ, ವೈಶಾಖದ ಬಿಸಿಲಿನಲ್ಲಿ ನೀರು ಬೆರೆಸುವ ಅಕ್ರಿಲಿಕ್ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತದೆ. ಏರ್‌ಬ್ರಷ್ಷಿನಲ್ಲಿ ಹೊಡೆದರೆ ವಿಮಾನ ಮುಟ್ಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಬೆಳಗಿನ ಆರಕ್ಕೆ ಕೂತು ಎಂಟಕ್ಕೆ ಮುಗಿಸಿ, ಬಣ್ಣ ನಿಧಾನ ಒಣಗಿಸುವ ರಿಟಾರ್ಡರ್ ಎರಡು ಹನಿ ಸೇರಿಸಿ. ಧೂಳಿನದು ಇನ್ನೊಂದು ಕಾಟ. ಹೆದ್ದಾರಿ ಪಕ್ಕದ ಊರು, ಸೊಲ್ಲಾಪುರಕ್ಕೆ ಹೋಗುವ ಲಾರಿಗಳು ರಾತ್ರಿ ಹಗಲು ಓಡುತ್ತಲೇ ಇರುತ್ತವೆ. ಹಸಿ ಬಣ್ಣದ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿಡಿ. ತಗಡಿನ ಮಾಡಿನ ಕೋಣೆಯಲ್ಲಿ, ಕಿಟಕಿಯ ಬಿಸಿಲಿಗೆ ಮಾದರಿ ಇಡಬೇಡಿ; ತೆಳು ರೆಕ್ಕೆ ಸೊಟ್ಟಗಾಗುತ್ತದೆ. ಏರ್‌ಬ್ರಷ್ ಇಲ್ಲವೆಂದು ಕೊರಗಬೇಕಿಲ್ಲ. ಹಾಲಿನಷ್ಟು ತೆಳುವಾದ ಬಣ್ಣವನ್ನು ಅಗಲ ಕುಂಚದಿಂದ ಮೂರು ನಾಲ್ಕು ಕೋಟು ಹಚ್ಚಿ, ಒಂದು ಒಣಗಿದ ಮೇಲೆ ಇನ್ನೊಂದು. ಯುದ್ಧಕಾಲದ ಹಸಿರು, ಕಂದು ಮರೆಬಣ್ಣ ಹೊಸಬರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹೊಳೆಯುವ ಬರಿ ಲೋಹದ ಮೈ ಒಂದು ಗೀರನ್ನೂ ಕ್ಷಮಿಸುವುದಿಲ್ಲ, ಅದನ್ನು ಐದನೇ ವಿಮಾನಕ್ಕೆ ಇಟ್ಟುಕೊಳ್ಳಿ. ಕಿಟಕಿ ಬಾಗಿಲು ತೆರೆದಿಡಿ, ಮುಖಕ್ಕೆ ಮಾಸ್ಕ್ ಇರಲಿ.

ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಜಾರಿಸುವ ಗುರುತುಗಳಿಗೆ ನಮ್ಮ ಬೋರಿನ ನೀರು ಆಗದು. ಗಡಸು ನೀರು ಒಣಗಿದ ಮೇಲೆ ಕೇಸರಿ ಬೊಟ್ಟಿನ ಸುತ್ತ ಬಿಳಿ ಕಲೆ ಬಿಡುತ್ತದೆ, ಪಾತ್ರೆಯ ಅಂಚಿಗೆ ಕೂರುವ ಅದೇ ಸುಣ್ಣ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಬಳಸಿ. ಹಚ್ಚುವ ಮೊದಲು ಮೈಗೆ ಹೊಳಪಿನ ವಾರ್ನಿಷ್ ಕೊಡಿ. ಒರಟು ಮೈಯಲ್ಲಿ ಡೆಕಾಲಿನಡಿ ಗಾಳಿ ನಿಂತು ಬೆಳ್ಳಿಯಂತೆ ಮಿನುಗುತ್ತದೆ. ಆಮೇಲೆ ಮಬ್ಬು ವಾರ್ನಿಷ್. ತೋಪಿನ ಮುಂದಿನ ಮಸಿಗೆ ಪೆನ್ಸಿಲ್ ಸೀಸದ ಪುಡಿ ಬೆರಳಿಂದ ಸವರಿದರೆ ಸಾಕು.

ಸಿಮ್ಯುಲೇಟರಿನಲ್ಲೂ ಅಪರೂಪವಾದ, ಕಿಟ್ಟೂ ಸುಲಭಕ್ಕೆ ಸಿಗದ ಒಂದು ವಿಮಾನವಿದೆ. ಅದನ್ನು ಕಟ್ಟದೆ ಕನ್ನಡ ನಾಡಿನ ಹವ್ಯಾಸಿಯ ಕಪಾಟು ತುಂಬುವುದಿಲ್ಲ ಎಂದು ನನ್ನ ನಂಬಿಕೆ. ಅದು ಎಚ್‌ಎಫ್-24 ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕೂತು ರೂಪಿಸಿದ ವಿಮಾನ. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಬೆಂಗಳೂರಿನ ಬಾನಿಗೆ ಏರಿಸಿದರು. 1970ರ ಜನವರಿ 10ರಂದು ಮಾರುತ್‌ನಲ್ಲೇ ಪ್ರಾಣಬಿಟ್ಟರು. ಒಟ್ಟು 147 ಕಟ್ಟಲಾಯಿತು. 1971ರಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಹೋರಾಡಿದವು. ಅದರ ರೆಕ್ಕೆಯ ಅಗಲ 9 ಮೀಟರ್, ಉದ್ದ 15.87 ಮೀಟರ್. 1/72ಕ್ಕೆ ಇಳಿಸಿದರೆ 12.5 ಮತ್ತು 22 ಸೆಂ.ಮೀ. ಸನ್‌ಬೋರ್ಡಿನ ಪದರಗಳನ್ನು ಅಂಟಿಸಿ, ಕೊರೆದು, ತಿಕ್ಕಿ ಮಾಡಬಹುದು. ಕೆಲಸ ಬಲ್ಲ ಬಡಿಗೇರರು ಪಕ್ಕದಲ್ಲಿದ್ದರೆ ಹಗುರ ಮರದಲ್ಲೂ ಕೆತ್ತಿಸಬಹುದು, 1942ರ ಮಕ್ಕಳಂತೆ. ವಿಜಯಪುರದಿಂದ ರೈಲು ಹತ್ತಿ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ, ಇಲ್ಲವೇ ಎಚ್‌ಎಎಲ್ ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ, ಅದರ ಸುತ್ತ ನಡೆದು ಫೋಟೋ ತೆಗೆಯಿರಿ. ಮುಂದಿನಿಂದ, ಪಕ್ಕದಿಂದ ನೇರಕ್ಕೆ ತೆಗೆದರೆ ಅಳತೆ ಹಿಡಿಯಲು ಬರುತ್ತದೆ.

ನನ್ನ ಮೇಜಿನ ಮೇಲೆ ಈಗ ಇರುವುದು ಮಿಸ್ಟೇರ್ 4ಎ. ತಾರೀಖು 1965ರ ಸೆಪ್ಟೆಂಬರ್ 7. ಕೊಡಗಿನ ಅಜ್ಜಮಾಡ ಬಿ. ದೇವಯ್ಯ ಅಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ದಾಳಿಗೆ ಹೊರಟ ತಂಡದಲ್ಲಿದ್ದರು. ಯಾರಾದರೂ ಹಿಂದುಳಿದರೆ ಎಂದು ಕಾಯ್ದಿರಿಸಿದ ಪೈಲಟ್ ಅವರು, ಒಬ್ಬರ ಜಾಗಕ್ಕೆ ಸೇರಿಕೊಂಡರು. ಮರಳುವಾಗ ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ಪೆಟ್ಟು ತಿಂದ ನಿಧಾನದ ಮಿಸ್ಟೇರ್‌ನಲ್ಲಿಯೇ ತಿರುಗಿ ನಿಂತು ಅದನ್ನು ಹೊಡೆದುರುಳಿಸಿದರು, ಅವರು ಮರಳಲಿಲ್ಲ. ಆ ಕಾಳಗದ ನಿಜ ಹೊರಬರಲು ವರ್ಷಗಳೇ ಹಿಡಿದವು, ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಮಿಸ್ಟೇರ್‌ನ ಹೊಟ್ಟೆಯಡಿ 30 ಮಿ.ಮೀ.ನ ಎರಡು ತೋಪು. ಕಿಟ್ಟಿನಲ್ಲಿ ಅವುಗಳ ಬಾಯಿ ಬರಿ ಗುಳಿ. ಸೂಜಿಯ ತುದಿಯಿಂದ ಗುರುತು ಮಾಡಿ, 0.4 ಮಿ.ಮೀ. ಬೈರಿಗೆಯನ್ನು ಬೆರಳಲ್ಲೇ ತಿರುಗಿಸುತ್ತ ಕೊರೆಯುತ್ತಿದ್ದೆ. ಅಣ್ಣನ ಮಗ ಬಂದು ಮೇಜಿಗೆ ಗದ್ದ ಊರಿದ.

“ಕಾಕಾ, ಇದು ಹಾರ್ತದೇನ್ರಿ?”

“ಹಾರಂಗಿಲ್ಲಪ್ಪ. ಇದನ್ನ ಹಾರಿಸಿದವರು ಒಬ್ಬರಿದ್ರು.”

“ಯಾರ್‌ರೀ?”

ಬೈರಿಗೆ ಕೆಳಗಿಟ್ಟು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಎಡಗಡೆಯ ತೋಪಿನ ಬಾಯಿ ಇನ್ನೂ ಕೊರೆಯುವುದಿದೆ.